‘ಪಾರ್ಟ್ ಟೈಮ್ ಇದೆಯಾ?’ ಅಂತ ಕೇಳುವುದನ್ನು ಬಿಡಿ

ಪ್ರಶ್ನೆ: ಮೇಡಂ, ನನಗೆ 34 ವರ್ಷ, ಊರು ದಾವಣಗೆರೆ. ಬಿ.ಕಾಂ. ಮುಗಿಸಿ ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿಯೊಂದರಲ್ಲಿ ನಾಲ್ಕು ವರ್ಷ ಲೆಕ್ಕ ಬರೆಯುತ್ತಿದ್ದೆ. ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರ್ ಚೆನ್ನಾಗಿ ಬರುತ್ತಿತ್ತು. 2016ರಲ್ಲಿ ಮದುವೆಯಾಗಿ ಕೆಲಸ ಬಿಟ್ಟೆ. ಎರಡು ವರ್ಷದಿಂದ ಗಂಡನನ್ನು ಬಿಟ್ಟು ಅಮ್ಮನ ಜೊತೆ ಬಾಡಿಗೆ ಮನೆಯಲ್ಲಿದ್ದೇನೆ. ಮಗಳು ಮೂರನೇ ಕ್ಲಾಸು, ಮಗನಿಗೆ ನಾಲ್ಕು ವರ್ಷ. ಅಮ್ಮನಿಗೆ ಮಂಡಿನೋವು, ಇಡೀ ದಿನ ಮಕ್ಕಳನ್ನು ಅವರ ಮೇಲೆ ಹಾಕಲು ಆಗುವುದಿಲ್ಲ. ಕೆಲಸ ಕೇಳಿದ ಕಡೆಯೆಲ್ಲ ಬೆಳಿಗ್ಗೆ ಒಂಬತ್ತೂವರೆಯಿಂದ ರಾತ್ರಿ ಎಂಟು ಅನ್ನುತ್ತಾರೆ. ಪಾರ್ಟ್ ಟೈಮ್ ಇದೆಯಾ ಅಂದರೆ ‘ಇಲ್ಲಮ್ಮ’. ಮೊಬೈಲಿಗೆ ಡೇಟಾ ಎಂಟ್ರಿ ಕೆಲಸ ಅಂತ ಮೆಸೇಜ್ ಬಂದಿದೆ. ಮನೆಯಲ್ಲೇ ಕೂತು ತಿಂಗಳಿಗೆ 25,000, ರಿಜಿಸ್ಟ್ರೇಷನ್‌ಗೆ 2,500 ಕಟ್ಟಬೇಕಂತೆ. ಕಟ್ಟಲೇ? ಜೀವನಾಂಶದ ಕೇಸು ನಡೀತಿದೆ. ನೀನು ದುಡಿಯೋಕೆ ಶುರು ಮಾಡಿದರೆ ಕೇಸು ಬಿದ್ದುಹೋಗುತ್ತೆ ಅಂತ ನೆಂಟರು ಹೆದರಿಸುತ್ತಾರೆ. ಇದೆಲ್ಲ ಬಿಟ್ಟು ಹೊಲಿಗೆ ಕಲಿಯೋದೇ ಒಳ್ಳೆಯದಾ? ಹೆಸರು ಹಾಕಬೇಡಿ.

ಉತ್ತರ: ಮೊದಲು ಆ 2,500 ರೂಪಾಯಿಯ ಮಾತು. ಕಟ್ಟಬೇಡಿ. ಪತ್ರ ಹಾಕಿದ ಮೇಲೆ ಕಟ್ಟಿಬಿಟ್ಟಿದ್ದರೆ ಈಗಲೇ 1930ಕ್ಕೆ ಫೋನ್ ಮಾಡಿ. ಅದು ಸೈಬರ್ ವಂಚನೆಯ ಸಹಾಯವಾಣಿ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಜಿಗಿಯುವ ಮೊದಲೇ ತಡೆಯಬೇಕು, ಆದ್ದರಿಂದ ನಾಳೆ ನೋಡೋಣ ಅನ್ನುವ ಹಾಗಿಲ್ಲ.

ಈ ಆಟ ಹೇಗೆ ನಡೆಯುತ್ತದೆ ಗೊತ್ತೇ? ದುಡ್ಡು ಕಟ್ಟಿದ ಕೂಡಲೇ ನಿಮಗೆ ನಾಲ್ಕೈದು ನೂರು ಪುಟಗಳ ಸ್ಕ್ಯಾನ್ ಬರುತ್ತದೆ. ಬೇಕಂತಲೇ ಮಸುಕು ಮಾಡಿದ ಅಕ್ಷರ, ಇಷ್ಟೇ ದಿನ ಅನ್ನುವ ಗಡುವು, ನೂರಕ್ಕೆ ತೊಂಬತ್ತೆಂಟು ಸರಿ ಇರಲೇಬೇಕು ಅನ್ನುವ ಷರತ್ತು. ನೀವು ರಾತ್ರಿಯೆಲ್ಲ ಕೂತು ಟೈಪ್ ಮಾಡಿ ಕಳಿಸುತ್ತೀರಿ. ‘ತಪ್ಪು ಜಾಸ್ತಿ ಇದೆ, ಅಗ್ರಿಮೆಂಟ್ ಮುರಿದಿದ್ದೀರಿ’ ಅಂತ ವಕೀಲರ ಹೆಸರಿನಲ್ಲಿ ನೋಟಿಸ್ ಬರುತ್ತದೆ. ಕೋರ್ಟು ಬೇಡ ಅಂದರೆ ಆರು ಸಾವಿರ ಕಟ್ಟಿ ಅನ್ನುತ್ತಾರೆ. ಒಂಟಿ ಹೆಂಗಸು, ಮೊದಲೇ ಒಂದು ಕೇಸಿನ ಓಡಾಟ, ಕೋರ್ಟು ಅಂದರೆ ಹೆದರಿ ಕಟ್ಟುತ್ತಾಳೆ ಅನ್ನುವುದು ಅವರ ಲೆಕ್ಕ. ಇದರ ತಂಗಿಯಂಥ ಇನ್ನೊಂದು ಆಟ ಟೆಲಿಗ್ರಾಂನಲ್ಲಿದೆ: ಹೋಟೆಲಿಗೆ ಸ್ಟಾರ್ ಕೊಡಿ ಅಂತ ಹೇಳಿ ಮೊದಲು ನೂರೈವತ್ತು ನಿಜವಾಗಿಯೂ ಹಾಕುತ್ತಾರೆ, ಆಮೇಲೆ ‘ಪ್ರೀಪೇಯ್ಡ್ ಟಾಸ್ಕ್’ ಅಂತ ನಿಮ್ಮಿಂದಲೇ ಸಾವಿರಗಟ್ಟಲೆ ಕಟ್ಟಿಸಿಕೊಳ್ಳುತ್ತಾರೆ. ಮೂರನೆಯದು ಇವೆರಡಕ್ಕಿಂತ ಕೆಟ್ಟದ್ದು. ‘ನಿಮ್ಮ ಬ್ಯಾಂಕ್ ಖಾತೆ, ಸಿಮ್ ನಮಗೆ ಕೊಡಿ, ತಿಂಗಳಿಗೆ ಇಷ್ಟು ಬಾಡಿಗೆ’ ಅಂತ. ಅಲ್ಲಿ ಕಳ್ಳನ ಹಣ ನಿಮ್ಮ ಖಾತೆಯಲ್ಲಿ ಓಡಾಡುತ್ತದೆ, ಪೊಲೀಸರು ಬರುವುದು ನಿಮ್ಮ ಮನೆಗೆ. ಕೆಲಸ ಕೊಡುವವನು ನಿಮಗೆ ದುಡ್ಡು ಕೊಡಬೇಕು, ನಿಮ್ಮಿಂದ ದುಡ್ಡನ್ನಾಗಲಿ ಖಾತೆಯನ್ನಾಗಲಿ ಕೇಳುವುದಲ್ಲ. ಇಷ್ಟು ನೆನಪಿದ್ದರೆ ಮೂರರಿಂದಲೂ ಪಾರು.

ಇನ್ನು ಅಸಲು ವಿಷಯ. ನೀವು ‘ಪಾರ್ಟ್ ಟೈಮ್ ಇದೆಯಾ’ ಅಂತ ಕೇಳುತ್ತಿದ್ದೀರಿ, ಅವರು ‘ಇಲ್ಲಮ್ಮ’ ಅನ್ನುತ್ತಿದ್ದಾರೆ. ಅವರು ಸುಳ್ಳು ಹೇಳುತ್ತಿಲ್ಲ. ನಮ್ಮ ಜಿಲ್ಲಾ ಕೇಂದ್ರಗಳಲ್ಲಿ ಅಂಥ ಹುದ್ದೆ ಯಾರ ತಲೆಯಲ್ಲೂ ಇರುವುದಿಲ್ಲ. ಅಂಗಡಿ ಮಾಲೀಕನಿಗೆ ನೌಕರ ಅಂದರೆ ಷಟರ್ ಎತ್ತುವಾಗಿನಿಂದ ಎಳೆಯುವವರೆಗೆ ಇರುವವನು. ಪಾರ್ಟ್ ಟೈಮ್ ಅಂದ ಕೂಡಲೇ ಅವನಿಗೆ ಕೇಳಿಸುವುದು ‘ಅರ್ಧ ಮನಸ್ಸಿನವಳು’ ಅಂತ. ಆದರೆ ಅದೇ ಮಾಲೀಕನಿಗೆ ತಿಂಗಳಿಗೆ ಮೂವತ್ತು ಗಂಟೆಯಲ್ಲಿ ಮುಗಿಯುವ, ಅವನಿಗೆ ತಲೆನೋವಾಗಿ ಕೂತಿರುವ ಕೆಲಸ ಒಂದಿದ್ದೇ ಇರುತ್ತದೆ. ನೀವು ಹೊತ್ತನ್ನು ಮಾರಲು ಹೋದರೆ ಗಿರಾಕಿ ಇಲ್ಲ. ಮುಗಿದ ಕೆಲಸವನ್ನು ಮಾರಲು ಹೋದರೆ ಇದ್ದಾರೆ. ಇಪ್ಪತ್ತು ವರ್ಷದಿಂದ ಹೆಂಗಸರಿಗೆ ಕೆಲಸದ ಸಲಹೆ ಕೊಡುತ್ತಾ ಬಂದು ನಾನು ಕಲಿತ ದೊಡ್ಡ ಪಾಠ ಇದು. ಉಳಿದದ್ದೆಲ್ಲ ಇದರ ವಿವರ.

ಹೋಗುವ ಮುಂಚೆ ಒಂದು ಲೆಕ್ಕ ಹಾಕಿ. ನಿಮಗೆ ಎಷ್ಟು ಗಂಟೆ ಇದೆ? ‘ಸ್ವಲ್ಪ ಟೈಮ್ ಇದೆ’ ಅನ್ನುವುದು ಲೆಕ್ಕವಲ್ಲ. ಒಂದು ವಾರ ಮಗಳ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದಿಡಿ. ವ್ಯಾನು ಎಷ್ಟಕ್ಕೆ ಬಂತು, ಮಗನನ್ನು ಅಂಗನವಾಡಿಗೋ ಪ್ಲೇ ಹೋಮಿಗೋ ಬಿಟ್ಟು ಮನೆ ಬೀಗ ಹಾಕಿದ್ದು ಎಷ್ಟಕ್ಕೆ, ಇಬ್ಬರೂ ವಾಪಸು ಬಂದಿದ್ದು ಎಷ್ಟಕ್ಕೆ. ಸಾಮಾನ್ಯವಾಗಿ ಹತ್ತೂ ಕಾಲರಿಂದ ಎರಡೂ ಮುಕ್ಕಾಲರವರೆಗೆ ನಾಲ್ಕೂವರೆ ಗಂಟೆ ಅಖಂಡವಾಗಿ ಸಿಗುತ್ತದೆ. ಇವು ಇಡೀ ಗಂಟೆಗಳು. ಮಕ್ಕಳು ಮಲಗಿದ ಮೇಲೆ ಒಂಬತ್ತೂವರೆಯಿಂದ ಹನ್ನೊಂದು, ಮಗ ನಿದ್ದೆ ಹೋದ ಮಧ್ಯಾಹ್ನದ ಅರ್ಧ ಗಂಟೆ, ಇವು ಚೂರು ಗಂಟೆಗಳು. ಇಡೀ ಗಂಟೆಯಲ್ಲಿ ಹೊರಗೆ ಹೋಗಿ ಮಾಡುವ ಕೆಲಸ, ಚೂರು ಗಂಟೆಯಲ್ಲಿ ಮನೆಯಲ್ಲಿ ಮಾಡುವ ಕೆಲಸ. ಇವೆರಡನ್ನೂ ಕಲಸಿದಾಗಲೇ ಎಡವಟ್ಟು. ನಾಲ್ಕು ವರ್ಷದ ಮಗ ಎಚ್ಚರವಿರುವಾಗ ಪಕ್ಕದಲ್ಲಿ ಕೂರಿಸಿಕೊಂಡು ಮನೆಯಿಂದ ಕೆಲಸ ಮಾಡುತ್ತೇನೆ ಅನ್ನುವುದು ಜಾಹೀರಾತಿನ ಫೋಟೊದಲ್ಲಿ ಮಾತ್ರ. ಅವನು ಕೀಬೋರ್ಡಿನ ಮೇಲೆ ಚಿತ್ರಾನ್ನ ಚೆಲ್ಲದೆ ಇರುವುದಿಲ್ಲ.

ಶನಿವಾರ ಬೆಳಗಿನ ಶಾಲೆ ಅನ್ನುವುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಎಲ್ಲರೂ ಮರೆಯುವುದು ಅದನ್ನೇ.

ಈಗ ನಿಮ್ಮ ಕೈಯಲ್ಲಿರುವ ವಿದ್ಯೆಯ ಮಾತು. ಹೊಲಿಗೆ ಕಲಿಯಲೇ ಅಂತ ಕೇಳಿದ್ದೀರಿ. ಹೊಲಿಗೆ ಒಳ್ಳೆಯ ವಿದ್ಯೆಯೇ, ಆದರೆ ಬಿ.ಕಾಂ. ಓದಿ ನಾಲ್ಕು ವರ್ಷ ಲೆಕ್ಕ ಬರೆದ ಕೈ ಅದನ್ನು ಬಿಟ್ಟು ಸೊನ್ನೆಯಿಂದ ಯಾಕೆ ಶುರು ಮಾಡಬೇಕು? ಬೇಡಿಕೆ ಇರುವುದು ಲೆಕ್ಕಕ್ಕೆ. 2025ರ ಜುಲೈ ನೆನಪಿದೆಯಾ? ಯುಪಿಐ ವಹಿವಾಟಿನ ಮೊತ್ತ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಗಳವರಿಗೆ ನೋಟಿಸ್ ಕೊಟ್ಟಿತು. ಅಂಗಡಿಗಳ ಮುಂದೆ ‘ಕ್ಯಾಶ್ ಮಾತ್ರ’ ಅನ್ನುವ ಚೀಟಿ ಅಂಟಿಕೊಂಡವು. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು ಅನ್ನುವುದೇ ಎಷ್ಟೋ ಜನಕ್ಕೆ ಅವತ್ತು ಗೊತ್ತಾಯಿತು. ಲೆಕ್ಕ ಇಟ್ಟವನು ಬಚಾವಾದ, ಇಡದವನು ಆಡಿಟರ್ ಮನೆಗೆ ಓಡಿದ. ಆಡಿಟರಿಗೂ ಅಷ್ಟು ಸಣ್ಣ ಗಿರಾಕಿಗಳನ್ನು ನೋಡಲು ಕೈ ಸಾಲದು. ಆ ಸಂದಿನಲ್ಲಿ ನಿಮ್ಮ ಕೆಲಸ ಇದೆ.

ಆದರೆ ಒಂದು ಸತ್ಯ ಹೇಳಿಬಿಡುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನೀವು ಕೆಲಸ ಬಿಟ್ಟಾಗ ಇದ್ದದ್ದು ವ್ಯಾಟ್ ಅನ್ನುವ ಹಳೇ ಮಾರಾಟ ತೆರಿಗೆ. ಜಿಎಸ್‌ಟಿ ಬಂದದ್ದು 2017ರ ಜುಲೈ 1ಕ್ಕೆ. ನೀವು ಬಳಸಿದ ಟ್ಯಾಲಿ ಇಆರ್‌ಪಿ 9 ಹೋಗಿ 2020ರಲ್ಲಿ ಟ್ಯಾಲಿಪ್ರೈಮ್ ಬಂತು. 2025ರ ಸೆಪ್ಟೆಂಬರ್ 22ರಿಂದ ತೆರಿಗೆಯ ದರಗಳೇ ಬದಲಾದವು, ಬಹುತೇಕ ಸರಕುಗಳಿಗೆ ನೂರಕ್ಕೆ 12 ಮತ್ತು 28ರ ಹಂತ ತೆಗೆದರು. ನಿಮ್ಮ ಡೆಬಿಟ್ಟು ಕ್ರೆಡಿಟ್ಟು ಹಾಗೇ ಇದೆ, ಅದು ಸೈಕಲ್ ತುಳಿದ ಹಾಗೆ. ಮೇಲಿನದು ಮಾತ್ರ ಹೊಸದಾಗಿ ಕಲಿಯಬೇಕು. ಅದಕ್ಕೆ ಆರು ತಿಂಗಳ ಕೋರ್ಸು, ಇಪ್ಪತ್ತು ಸಾವಿರ ಫೀಸು ಬೇಡ. ಟ್ಯಾಲಿಪ್ರೈಮನ್ನು ಎಜುಕೇಷನಲ್ ಮೋಡ್‌ನಲ್ಲಿ ದುಡ್ಡಿಲ್ಲದೆ ಹಾಕಿಕೊಳ್ಳಬಹುದು. ಅದರಲ್ಲಿ ತಿಂಗಳ 1, 2 ಮತ್ತು 31ನೇ ತಾರೀಕಿಗೆ ಮಾತ್ರ ವೋಚರ್, ಅಂದರೆ ವಹಿವಾಟಿನ ಎಂಟ್ರಿ, ಹಾಕಲು ಬಿಡುತ್ತದೆ. ಕಲಿಯುವವರಿಗೆ ಅಷ್ಟು ಧಾರಾಳ. ಪಕ್ಕದ ಕಿರಾಣಿ ಅಂಗಡಿಯವರಿಂದ ಒಂದು ತಿಂಗಳ ಹಳೇ ಬಿಲ್ಲುಗಳನ್ನು ಕೇಳಿ ತನ್ನಿ, ಎಲ್ಲವನ್ನೂ 1ನೇ ತಾರೀಕಿಗೇ ಹಾಕಿ ಅಭ್ಯಾಸ ಮಾಡಿ. ಲ್ಯಾಪ್‌ಟಾಪ್ ಇಲ್ಲದಿದ್ದರೆ ಹಳೆಯದೊಂದನ್ನು ಕೊಳ್ಳುವುದು ನೀವು ಮಾಡಬೇಕಾದ ಒಂದೇ ಖರ್ಚು. ಆ 2,500 ಅಲ್ಲಿಗೆ ಸೇರಲಿ.

ಈ ವೃತ್ತಿಗೆ ಒಂದು ಲಯ ಇದೆ. ಅದು ಒಂಟಿ ತಾಯಿಗೆ ಅನುಕೂಲ. ಪ್ರತಿ ತಿಂಗಳು 11ರೊಳಗೆ ಮಾರಾಟದ ವಿವರ, ಅಂದರೆ ಜಿಎಸ್‌ಟಿಆರ್-1. 14ಕ್ಕೆ ಖರೀದಿಯ 2ಬಿ ಪಟ್ಟಿ ಪೋರ್ಟಲ್‌ನಲ್ಲಿ ಬರುತ್ತದೆ. ಅದನ್ನು ಅಂಗಡಿಯ ಖರೀದಿ ಬಿಲ್ಲುಗಳ ಜೊತೆ ತಾಳೆ ನೋಡಿ 20ರೊಳಗೆ 3ಬಿ, ಅಂದರೆ ತೆರಿಗೆ ಕಟ್ಟುವ ಒಟ್ಟು ಲೆಕ್ಕದ ರಿಟರ್ನ್, ಸಲ್ಲಿಸಬೇಕು. ಐದು ಕೋಟಿವರೆಗಿನ ವಹಿವಾಟಿನವರು ಮೂರು ತಿಂಗಳಿಗೊಮ್ಮೆ ಸಲ್ಲಿಸುವುದನ್ನು ಆರಿಸಿಕೊಳ್ಳಬಹುದು, ಅವರಿಗೆ ಜಿಎಸ್‌ಟಿಆರ್-1ಕ್ಕೆ 13, 3ಬಿಗೆ ನಮ್ಮ ರಾಜ್ಯದಲ್ಲಿ 22ನೇ ತಾರೀಕು. 3ಬಿ ಒಂದು ದಿನ ತಡವಾದರೆ ದಿನಕ್ಕೆ 50 ರೂಪಾಯಿ ದಂಡ, ಮಾಲೀಕನಿಗೆ ಉರಿಯುವುದು ಅಲ್ಲಿ. ಹಾಗಾಗಿ ತಿಂಗಳ 5ರಿಂದ 20ರವರೆಗೆ ಆಡಿಟರ್ ಆಫೀಸುಗಳಲ್ಲಿ ಉಸಿರಾಡಲು ಪುರುಸೊತ್ತಿರುವುದಿಲ್ಲ, ಆಮೇಲೆ ನೊಣ ಹೊಡೆಯುವಷ್ಟು ಬಿಡುವು. ಬಿಲ್ಲು ತಾಳೆ ನೋಡುವ ಕೆಲಸವನ್ನು ರಾತ್ರಿ ಹತ್ತಕ್ಕೂ ಮಾಡಬಹುದು. ಯಾರೂ ನಿಮ್ಮ ಮುಖ ನೋಡಬೇಕಾಗಿಲ್ಲ.

ಆದರೆ ಶಾಲೆಯ ಕ್ಯಾಲೆಂಡರನ್ನು ಇದರ ಪಕ್ಕದಲ್ಲಿ ಇಟ್ಟು ನೋಡಿ. ಏಪ್ರಿಲ್‌ನಲ್ಲಿ ವರ್ಷಾಂತ್ಯದ ಲೆಕ್ಕ ಮುಗಿಸುವ ಧಾವಂತ, ಅದೇ ಹೊತ್ತಿಗೆ ಮಕ್ಕಳಿಗೆ ಬೇಸಿಗೆ ರಜೆ ಶುರು. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಆಡಿಟ್ ಗಡಿಬಿಡಿ, ಅದರ ಬೆನ್ನಿಗೇ ದಸರಾ ರಜೆ. ಈ ಎರಡು ಕಡೆ ನೀವು ಸಿಕ್ಕಿಹಾಕಿಕೊಳ್ಳುತ್ತೀರಿ. ಜೂನ್‌ನಲ್ಲೇ ಯೋಚಿಸಿ. ಊರಿನಲ್ಲಿರುವ ಅತ್ತಿಗೆ ಮನೆಗೆ ಮಕ್ಕಳನ್ನು ಹದಿನೈದು ದಿನ ಕಳಿಸುವುದೋ, ನಿಮ್ಮಂಥದೇ ಇನ್ನೊಬ್ಬ ತಾಯಿಯ ಜೊತೆ ಸರದಿ ಮಾಡಿಕೊಳ್ಳುವುದೋ, ಆ ತಿಂಗಳು ಮಾತ್ರ ಬೇಬಿ ಸಿಟ್ಟಿಂಗ್‌ಗೆ ಹಾಕುವುದೋ. ಬೇಬಿ ಸಿಟ್ಟಿಂಗ್ ದುಡ್ಡನ್ನು ಆ ತಿಂಗಳ ಫೀಸಿನಲ್ಲಿ ಸೇರಿಸಿ ಕೇಳಿ. ವರ್ಷಾಂತ್ಯದ ಕೆಲಸಕ್ಕೆ ಬೇರೆ ದರ ಕೇಳುವುದು ಈ ವೃತ್ತಿಯಲ್ಲಿ ಹೊಸದೇನಲ್ಲ.

ಹಾಗಾದರೆ ಯಾರ ಬಾಗಿಲು ತಟ್ಟಬೇಕು? ಎರಡು ದಾರಿ. ಒಂದು, ಆಡಿಟರ್ ಆಫೀಸು. ಚಿಕ್ಕದನ್ನು ಹಿಡಿಯಿರಿ, ಮೂರು ನಾಲ್ಕು ಜನ ಕೆಲಸ ಮಾಡುವಂಥದ್ದು. ಒಳಗೆ ಹೋಗಿ ‘ಮಕ್ಕಳಿದ್ದಾರೆ ಸರ್, ಅದಕ್ಕೇ ಪೂರ್ತಿ ದಿನ ಆಗಲ್ಲ’ ಅಂತ ಶುರು ಮಾಡಬೇಡಿ. ಹೀಗೆ ಹೇಳಿ ನೋಡಿ: ‘ಸರ್, ಟ್ಯಾಲಿ ಎಂಟ್ರಿ, 2ಬಿ ತಾಳೆ ನೋಡೋದು ನನಗೆ ಬರುತ್ತೆ. ದಿನಾ ಹತ್ತೂವರೆಯಿಂದ ಎರಡೂವರೆ ಆಫೀಸಲ್ಲಿರ್ತೀನಿ. 5ರಿಂದ 20ರವರೆಗೆ ರಾತ್ರಿ ಒಂದೂವರೆ ಗಂಟೆ ಮನೆಯಲ್ಲೂ ಮಾಡ್ತೀನಿ. ಹತ್ತು ಗಿರಾಕಿಗಳನ್ನು ನನಗೆ ವಹಿಸಿ, ಒಂದು ತಿಂಗಳು ನೋಡಿ.’ ಅವರಿಗೆ ಬೇಕಾದದ್ದು ತಾರೀಕು ತಪ್ಪದಿರುವುದು. ನೀವು ಅದನ್ನೇ ಮಾತಾಡಿದಿರಿ.

ಮಕ್ಕಳ ವಿಷಯ ಮುಚ್ಚಿಡಿ ಅಂತ ನಾನು ಹೇಳುತ್ತಿಲ್ಲ. ಮುಚ್ಚಿಟ್ಟು ಅನುಭವಿಸಿದವಳು ನಾನೇ. ಮಗನನ್ನು ಒಬ್ಬಳೇ ಸಾಕುತ್ತಿದ್ದ ಕಾಲದಲ್ಲಿ ಒಂದು ಆಫೀಸಿನ ಇಂಟರ್‌ವ್ಯೂನಲ್ಲಿ ‘ಮನೆಯಲ್ಲಿ ನೋಡಿಕೊಳ್ಳೋಕೆ ಅತ್ತೆ ಇದ್ದಾರೆ’ ಅಂದುಬಿಟ್ಟೆ. ಮೂರನೇ ದಿನ ಶಾಲೆಯಿಂದ ಆಫೀಸಿನ ಲ್ಯಾಂಡ್‌ಲೈನಿಗೆ ಫೋನು: ಹುಡುಗನಿಗೆ ವಾಂತಿ, ಬಂದು ಕರಕೊಂಡು ಹೋಗಿ. ಮ್ಯಾನೇಜರ್ ನನ್ನ ಮುಖ ನೋಡಿ ‘ಅತ್ತೆ ಎಲ್ಲಿ?’ ಅಂದರು. ಆವತ್ತಿನ ನಾಚಿಕೆ ಇವತ್ತಿಗೂ ಕಿವಿಯಲ್ಲಿದೆ. ಹಾಗಾಗಿ ಕೆಲಸದ ಮಾತು ಮುಗಿದ ಮೇಲೆ, ಅವರು ಕೇಳಿದಾಗ, ನೆಟ್ಟಗೆ ಹೇಳಿ: ‘ಇಬ್ಬರು ಮಕ್ಕಳು, ನಾನೊಬ್ಬಳೇ ನೋಡ್ಕೋತೀನಿ. ಹುಷಾರಿಲ್ಲದ ದಿನ ಬರೋಕಾಗಲ್ಲ, ಆದರೆ ಆ ದಿನದ ಕೆಲಸ ರಾತ್ರಿ ಕಳಿಸ್ತೀನಿ.’ ಹೇಳಿದ ಹಾಗೆ ಒಂದು ಸಲ ಮಾಡಿ ತೋರಿಸಿದರೆ ಆಮೇಲೆ ಯಾರೂ ಆ ಮಾತೆತ್ತುವುದಿಲ್ಲ.

ಜ್ವರ ಬಂದ ದಿನಕ್ಕೆ ಅಮ್ಮನ ಹೊರತು ಇನ್ನೊಬ್ಬರ ಹೆಸರು ನಿಮ್ಮ ಬಳಿ ಇರಬೇಕು. ಎದುರು ಮನೆಯವರಾಗಲಿ, ಮಗಳ ಗೆಳತಿಯ ತಾಯಿಯಾಗಲಿ. ಅವರ ನಂಬರನ್ನು ಶಾಲೆಯ ಡೈರಿಯಲ್ಲಿ ಬರೆಸಿ. ಸುಮ್ಮನೆ ಉಪಕಾರ ಪಡೆಯಲು ಮುಜುಗರವಾದರೆ ಅವರ ಮಗುವಿಗೆ ವಾರದಲ್ಲಿ ಎರಡು ದಿನ ಲೆಕ್ಕ ಹೇಳಿಕೊಡಿ.

ಎರಡನೆಯ ದಾರಿ ಸೀದಾ ಅಂಗಡಿಗಳು. ನಿಮ್ಮ ಊರು ಇದಕ್ಕೆ ಹೇಳಿ ಮಾಡಿಸಿದ್ದು. ಮಂಡಿಪೇಟೆಯ ಸಗಟು ಅಂಗಡಿಗಳು, ಎಪಿಎಂಸಿಯ ದಲಾಲಿ ಅಂಗಡಿಗಳು, ಮಂಡಕ್ಕಿ ಭಟ್ಟಿಗಳು, ಹಾರ್ಡ್‌ವೇರ್, ಟೈಲ್ಸ್ ಮಳಿಗೆಗಳು. ನೀವು ಟ್ರ್ಯಾಕ್ಟರ್ ಬಿಡಿಭಾಗದ ಲೆಕ್ಕ ಬರೆದವರು, ಬೇರಿಂಗಿಗೂ ಬುಷ್‌ಗೂ ವ್ಯತ್ಯಾಸ ಗೊತ್ತು. ಅದೇ ಸಾಲಿನ ಅಂಗಡಿಗಳಿಂದ ಶುರು ಮಾಡಿ. ಹಳೇ ಮಾಲೀಕರನ್ನು ಮೊದಲು ಹೋಗಿ ನೋಡಿ. ನಾಲ್ಕು ವರ್ಷ ದುಡಿಸಿಕೊಂಡವರು ನಿಮಗೆ ಕೆಲಸ ಕೊಡದಿದ್ದರೂ ‘ಈ ಹುಡುಗಿ ಕೈ ಶುದ್ಧ’ ಅಂತ ಒಂದು ಫೋನ್ ಮಾಡಬಹುದು. ಪೇಟೆಯಲ್ಲಿ ರೆಸ್ಯೂಮೆಗಿಂತ ಆ ಫೋನಿಗೆ ಬೆಲೆ ಜಾಸ್ತಿ. ಅಂಗಡಿಯಲ್ಲಿ ಕೇಳಬೇಕಾದದ್ದು ‘ಕೆಲಸ ಇದೆಯಾ’ ಅಂತಲ್ಲ, ‘ಅಣ್ಣಾ, ನಿಮ್ಮ ಜಿಎಸ್‌ಟಿ ಯಾರು ನೋಡ್ತಾರೆ?’ ಅಂತ. ಅರ್ಧದಷ್ಟು ಜನ ನಿಟ್ಟುಸಿರು ಬಿಟ್ಟು ಕಥೆ ಶುರು ಮಾಡುತ್ತಾರೆ. ಬಿಲ್ಲುಗಳ ಫೋಟೊ ವಾಟ್ಸಾಪ್‌ಗೆ ಬರಲಿ, ವಾರಕ್ಕೊಮ್ಮೆ ಹೋಗಿ ಕಾಗದ ನೋಡಿ ಬನ್ನಿ. ಲೆಕ್ಕ ಬರೆದು ತಯಾರು ಮಾಡುವುದು ನೀವು, ಸಹಿ ಹಾಕಬೇಕಾದ ಆಡಿಟ್ಟು ಅವರ ಆಡಿಟರದ್ದು. ಈ ಗೆರೆ ದಾಟಬೇಡಿ. ಪೋರ್ಟಲ್‌ನ ಓಟಿಪಿ ಮಾಲೀಕರ ಮೊಬೈಲಿಗೇ ಹೋಗಲಿ. ಬಿಲ್ಲಿಲ್ಲದ ಖರೀದಿಗೆ ಸುಳ್ಳು ಬಿಲ್ಲು ಸೇರಿಸಿ ಅಂದವರಿಗೆ ಅವತ್ತೇ ನಮಸ್ಕಾರ ಹೇಳಿ.

ದುಡ್ಡಿನ ವಿಷಯದಲ್ಲಿ ಹೆಂಗಸರು ಎಡವುವುದು ಹೀಗೆ: ಅರ್ಧ ಹೊತ್ತಿಗೆ ಅರ್ಧ ಸಂಬಳ ಕೇಳಲೂ ಸಂಕೋಚಪಟ್ಟು ಮೂರನೇ ಒಂದು ಭಾಗಕ್ಕೆ ಒಪ್ಪುತ್ತಾರೆ. ಉದಾಹರಣೆಗೆ ಆ ಆಫೀಸಿನಲ್ಲಿ ಪೂರ್ತಿ ದಿನದವರಿಗೆ 16,000 ಅಂತಿಟ್ಟುಕೊಳ್ಳಿ. ದಿನಕ್ಕೆ 10 ಗಂಟೆ, 26 ದಿನ, ಒಟ್ಟು 260 ಗಂಟೆ. ಗಂಟೆಗೆ 61 ರೂಪಾಯಿ ಬಿತ್ತು. ನಿಮ್ಮ ನಾಲ್ಕು ಗಂಟೆ 26 ದಿನಕ್ಕೆ 104, ಜೊತೆಗೆ ಹದಿನೈದು ರಾತ್ರಿಯ ಒಂದೂವರೆ ಗಂಟೆ ಸೇರಿ ಸುಮಾರು 126 ಗಂಟೆ. 7,700 ಆಯಿತು. ಅವರು ‘ಐದು ಸಾವಿರ ಕೊಡೋಣ’ ಅನ್ನುತ್ತಾರೆ. ನೀವು 9,000ದಿಂದ ಮಾತು ಶುರು ಮಾಡಿ. ನಿಮ್ಮ ನಾಲ್ಕು ಗಂಟೆಯಲ್ಲಿ ಟೀ, ಹರಟೆ, ಮಧ್ಯಾಹ್ನದ ತೂಕಡಿಕೆ ಯಾವುದೂ ಇಲ್ಲ. ಅಂಗಡಿಗಳಿಗಾದರೆ ಗಂಟೆಯ ಮಾತೇ ಬೇಡ, ತಿಂಗಳಿಗೆ ಎಷ್ಟು ಬಿಲ್ಲು ಅಂತ ಕೇಳಿ ಅದರ ಮೇಲೆ ದರ ಹೇಳಿ. ದುಡ್ಡು ನಗದಾಗಿ ಬೇಡ, ಖಾತೆಗೇ ಬರಲಿ. ಮುಂದೆ ಸಾಲಕ್ಕೋ ಬಾಡಿಗೆ ಮನೆಗೋ ದಾಖಲೆ ಬೇಕಾಗುತ್ತದೆ. ಹೋಗಿ ಬರುವುದಕ್ಕೆ ಶಕ್ತಿ ಯೋಜನೆಯ ಸರ್ಕಾರಿ ಬಸ್ ಇದೆ, ಅದರ ಮಾರ್ಗದಲ್ಲಿ ಬರುವ ಆಫೀಸುಗಳನ್ನೇ ಮೊದಲು ನೋಡಿ. ದಿನಕ್ಕೆ ನಾಲ್ಕು ಗಂಟೆ ದುಡಿಯುವವಳಿಗೆ ಆಟೋ ಬಾಡಿಗೆ ಗಿಟ್ಟುವುದಿಲ್ಲ. ಆಫೀಸು ಇಎಸ್‌ಐ, ಅಂದರೆ ನೌಕರರ ಆರೋಗ್ಯ ವಿಮೆಯ, ವ್ಯಾಪ್ತಿಯಲ್ಲಿದ್ದರೆ ನಿಮ್ಮ ಹೆಸರನ್ನೂ ಸೇರಿಸಲು ಕೇಳಿ. ಅರೆಕಾಲಿಕರಿಗೆ ಅದು ಇಲ್ಲ ಅನ್ನುವುದು ತಪ್ಪು ತಿಳಿವಳಿಕೆ. ಸಂಬಳದ ಮುಕ್ಕಾಲು ಪರ್ಸೆಂಟ್ ಕಟ್ಟಿ ಇಬ್ಬರು ಮಕ್ಕಳ ಆಸ್ಪತ್ರೆ ಖರ್ಚು ತಪ್ಪುವುದಾದರೆ ಅದೇ ಒಂದು ಸಂಬಳ.

ಜೀವನಾಂಶದ ಭಯಕ್ಕೆ ಬರುತ್ತೇನೆ. ನಿಮ್ಮ ನೆಂಟರು ಹೇಳುವುದು ಸರಿಯಲ್ಲ. ಹೆಂಡತಿ ದುಡಿಯುತ್ತಾಳೆ ಅನ್ನುವ ಒಂದೇ ಕಾರಣಕ್ಕೆ ಜೀವನಾಂಶ ನಿರಾಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ನವೆಂಬರ್‌ನಲ್ಲಿ ರಜನೀಶ್–ನೇಹಾ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ಆ ದುಡಿಮೆ ಬದುಕಿಗೆ ಸಾಲುತ್ತದೆಯೇ ಅನ್ನುವುದನ್ನು ಕೋರ್ಟು ನೋಡುತ್ತದೆ. ನಿಮ್ಮ ಎಂಟು ಸಾವಿರವನ್ನು ಮೊತ್ತ ನಿಗದಿ ಮಾಡುವಾಗ ಲೆಕ್ಕಕ್ಕೆ ತೆಗೆದುಕೊಳ್ಳಬಹುದು, ಅಷ್ಟೇ. ಮಕ್ಕಳ ಪಾಲು ಬೇರೆ, ಅದು ಅಪ್ಪನ ಜವಾಬ್ದಾರಿಯೂ ಹೌದು, ನೀವು ದುಡಿದ ಮಾತ್ರಕ್ಕೆ ಅದು ಅಳಿಯುವುದಿಲ್ಲ. ಅದೇ ತೀರ್ಪಿನ ಪ್ರಕಾರ ಇಬ್ಬರೂ ಆಸ್ತಿ ಮತ್ತು ಆದಾಯದ ಅಫಿಡವಿಟ್ ಸಲ್ಲಿಸಬೇಕು. ಅದರಲ್ಲಿ ನಿಮ್ಮ ಹೊಸ ಆದಾಯ ಬರೆಯಿರಿ, ಮುಚ್ಚಿಡಬೇಡಿ. ಮುಚ್ಚಿಟ್ಟದ್ದು ಹೊರಗೆ ಬಂದರೆ ಕೇಸಿಗೆ ಪೆಟ್ಟು ಬೀಳುವುದು ಅದರಿಂದ, ಕೆಲಸದಿಂದಲ್ಲ. ವಕೀಲರ ಫೀಸು ಭಾರವಾಗಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. 1987ರ ಕಾಯ್ದೆಯಂತೆ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ವಕೀಲರು ಉಚಿತ.

ನೀವು ಕೇಳದಿದ್ದರೂ ಹೇಳಬೇಕಾದ ಇನ್ನೊಂದು ವಿಷಯ ಮಿಷನ್ ವಾತ್ಸಲ್ಯ ಅನ್ನುವ ಮಕ್ಕಳ ರಕ್ಷಣೆಯ ಸರ್ಕಾರಿ ಯೋಜನೆಯ ಪ್ರಾಯೋಜಕತ್ವ, ಅಂದರೆ ಮಕ್ಕಳಿಗೆ ತಿಂಗಳ ನೆರವು. ವಿಧವೆ, ವಿಚ್ಛೇದಿತೆ ಅಥವಾ ಕುಟುಂಬ ಕೈಬಿಟ್ಟ ತಾಯಿಯ ಮಕ್ಕಳಿಗೆ ಒಂದು ಮಗುವಿಗೆ ತಿಂಗಳಿಗೆ 4,000 ರೂಪಾಯಿ. ನಗರದಲ್ಲಿ ಕುಟುಂಬದ ವಾರ್ಷಿಕ ಆದಾಯ 96,000, ಹಳ್ಳಿಯಲ್ಲಿ 72,000 ದಾಟಿರಬಾರದು. ಅರ್ಜಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಎಲ್ಲರಿಗೂ ಸಿಗುತ್ತದೆ ಅಂತಲ್ಲ, ಸಮಿತಿ ನೋಡಿ ತೀರ್ಮಾನಿಸುತ್ತದೆ. ಆದರೆ ಕೈಯಲ್ಲಿ ಆದಾಯವಿಲ್ಲದ ಈ ದಿನಗಳಲ್ಲೇ ಅರ್ಜಿ ಹಾಕುವುದು ನ್ಯಾಯ. ನೀವು ತಿಂಗಳಿಗೆ ಎಂಟು ಸಾವಿರ ದಾಟಿದಾಗ ಆ ಮಿತಿಯೂ ದಾಟುತ್ತದೆ ಅನ್ನುವುದು ಗೊತ್ತಿರಲಿ. ಹಾಗೆಂದು ಅದಕ್ಕಾಗಿ ಕೆಲಸ ತಡ ಮಾಡಬೇಡಿ. ರೇಷನ್ ಕಾರ್ಡಿನಲ್ಲಿ ನಿಮ್ಮ ಹೆಸರು ಇನ್ನೂ ಗಂಡನ ಮನೆಯಲ್ಲೇ ಇದೆಯೇ ನೋಡಿಕೊಳ್ಳಿ. ಇದ್ದರೆ ತೆಗೆಸಿ ಅಮ್ಮನ ಕಾರ್ಡಿಗೆ ಸೇರಿಸಿಕೊಳ್ಳಿ, ಯಾವ ಅರ್ಜಿ ಹಾಕಿದರೂ ಮೊದಲು ಕೇಳುವುದು ಅದನ್ನೇ.

ಹೊಲಿಗೆಯ ಪ್ರಶ್ನೆ ಉಳಿಯಿತು. ನಿಮಗೆ ಬೇಡ ಅಂದೆ, ಆದರೆ ಇದನ್ನು ಓದುತ್ತಿರುವ, ಎಸ್ಸೆಸ್ಸೆಲ್ಸಿಗೇ ನಿಲ್ಲಿಸಿದ ತಾಯಂದಿರಿಗೆ ಅದು ಬೇಕಾಗಬಹುದು. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆಯ ಮಾದರಿಯಲ್ಲಿ ಈಗ ಜಿಲ್ಲೆಗೊಂದು ಆರ್‌ಸೆಟಿ, ಅಂದರೆ ಸ್ವಉದ್ಯೋಗ ತರಬೇತಿ ಸಂಸ್ಥೆ, ಇದೆ. ಹೊಲಿಗೆ, ಬ್ಯೂಟಿ ಪಾರ್ಲರ್, ಕಂಪ್ಯೂಟರ್ ತರಬೇತಿ ಊಟದ ಸಮೇತ ಉಚಿತ. ಸಾಮಾನ್ಯವಾಗಿ ಅಲ್ಲೇ ಉಳಿದು ಕಲಿಯಬೇಕು, ಚಿಕ್ಕ ಮಗುವಿನ ತಾಯಿಗೆ ತೊಡಕು ಅದೇ. ಮನೆಯಿಂದ ಓಡಾಡಲು ಬಿಡುತ್ತಾರಾ ಅಂತ ಮೊದಲೇ ಕೇಳಿ. ಪೂರ್ತಿ ಹೊಲಿಗೆ ಬರುವ ತನಕ ಕಾಯಬೇಕಾಗಿಯೂ ಇಲ್ಲ. ಹರಿಹರದಲ್ಲಿ ನನಗೆ ಗೊತ್ತಿರುವ ಒಬ್ಬಾಕೆ ಸೀರೆಗೆ ಕುಚ್ಚು ಕಟ್ಟುತ್ತಾರೆ, ಫಾಲ್ ಹಾಕುತ್ತಾರೆ. ಕಿಟಕಿಯ ಸರಳಿಗೆ ಸೆರಗಿನ ತುದಿ ಕಟ್ಟಿ, ನೆಲದ ಮೇಲೆ ಕೂತು, ಬಾಯಲ್ಲಿ ದಾರ ಕಚ್ಚಿಕೊಂಡು, ಮಗನಿಗೆ ಮಗ್ಗಿ ಹೇಳಿಸುತ್ತಾ ಕಟ್ಟುತ್ತಾರೆ. ಕೆಲಸ ಕೊಡುವುದು ರವಿಕೆ ಹೊಲಿಯುವ ಟೈಲರ್ ಅಂಗಡಿಗಳು. ಅವರು ಕಲಿತ ಬುದ್ಧಿ ಒಂದೇ: ಮದುವೆ ಸೀಜನ್‌ನಲ್ಲಿ ಸೀರೆಗೆ ಮುಂಗಡ ಇಲ್ಲದೆ ಕೈ ಹಚ್ಚುವುದಿಲ್ಲ. ಆಷಾಢದಲ್ಲಿ ಕೆಲಸವೇ ಇರುವುದಿಲ್ಲ, ಅದಕ್ಕೆ ವೈಶಾಖದಲ್ಲೇ ತೆಗೆದಿಡುತ್ತಾರೆ.

ಹೆಣ್ಣುಮಕ್ಕಳನ್ನು ವಿಮಾ ಏಜೆಂಟರನ್ನಾಗಿ ಮಾಡುವ ಎಲ್‌ಐಸಿಯ ಬಿಮಾ ಸಖಿ ಬಗ್ಗೆಯೂ ತುಂಬಾ ಜನ ಕೇಳುತ್ತಾರೆ. 2024ರ ಡಿಸೆಂಬರ್‌ನಲ್ಲಿ ಶುರುವಾದದ್ದು, ಎಸ್ಸೆಸ್ಸೆಲ್ಸಿ ಸಾಕು, ಮೊದಲ ವರ್ಷ ತಿಂಗಳಿಗೆ 7,000, ಆಮೇಲೆ 6,000, ಮೂರನೇ ವರ್ಷ 5,000 ಸ್ಟೈಪೆಂಡ್, ಕಮಿಷನ್ ಬೇರೆ. ಹೊತ್ತು ನಮ್ಮ ಕೈಯಲ್ಲಿ ಅನ್ನುವುದು ನಿಜ. ಆದರೆ ಗುರಿ ಮುಟ್ಟಬೇಕು. ಹಿಂದಿನ ವರ್ಷ ಮಾಡಿಸಿದ ಪಾಲಿಸಿಗಳಲ್ಲಿ ನೂರಕ್ಕೆ 65 ಚಾಲ್ತಿಯಲ್ಲಿದ್ದರೆ ಮಾತ್ರ ಮುಂದಿನ ವರ್ಷದ ಸ್ಟೈಪೆಂಡ್. ನೆಂಟರಿಗೆಲ್ಲ ದಾಕ್ಷಿಣ್ಯಕ್ಕೆ ಪಾಲಿಸಿ ಮಾಡಿಸಿ, ಅವರು ಎರಡನೇ ಕಂತು ನಿಲ್ಲಿಸಿದಾಗ ತಾವೇ ಕಟ್ಟಿದವರನ್ನು ನೋಡಿದ್ದೇನೆ. ಮಾತುಗಾರ್ತಿಯಾಗಿದ್ದು, ಓಣಿಯಲ್ಲಿ ಬಳಕೆ ಇದ್ದರೆ ಸರಿ. ನಿಮ್ಮ ಪತ್ರ ಓದಿದರೆ ನೀವು ಆ ಪೈಕಿ ಅನ್ನಿಸಲಿಲ್ಲ.

ರೆಸ್ಯೂಮೆಯಲ್ಲಿ 2016ರ ನಂತರದ ಖಾಲಿ ಜಾಗಕ್ಕೆ ಏನು ಬರೆಯಲಿ ಅಂತ ನಿಮ್ಮ ಮುಂದಿನ ಪ್ರಶ್ನೆ ಬರುತ್ತದೆ, ಗೊತ್ತು. ‘ಕುಟುಂಬದ ಜವಾಬ್ದಾರಿ’ ಎಂದು ಒಂದು ಸಾಲು ಸಾಕು. ಅದರ ಕೆಳಗೆ ‘ಈಗ ಟ್ಯಾಲಿಪ್ರೈಮ್, ಜಿಎಸ್‌ಟಿಆರ್-1, 2ಬಿ ತಾಳೆ ಅಭ್ಯಾಸ ಮಾಡಿದ್ದೇನೆ’ ಅಂತ ಬರೆಯಿರಿ, ಆ ಕಿರಾಣಿ ಅಂಗಡಿಯ ಒಂದು ತಿಂಗಳ ಲೆಕ್ಕವನ್ನು ಹೆಸರು ಅಳಿಸಿ ಪ್ರಿಂಟ್ ತೆಗೆದು ಜೊತೆಗಿಡಿ. ಕೇಳಿದರೆ ತೋರಿಸಲು ಕೈಯಲ್ಲಿ ಒಂದು ಕಾಗದ ಇದ್ದರೆ ಮಾತು ತಡವರಿಸುವುದಿಲ್ಲ.

ಒಂದು ತಿಂಗಳು ಅಭ್ಯಾಸಕ್ಕೆ ಕೊಡಿ. ಆಮೇಲೆ ಆಡಿಟರ್ ಆಫೀಸುಗಳಿಗೆ ಹೋಗುವಾಗ ತಾರೀಕು ನೋಡಿಕೊಂಡು ಹೋಗಿ. 5ರಿಂದ 20ರ ನಡುವೆ ಕಾಲಿಟ್ಟರೆ ಯಾರೂ ತಲೆ ಎತ್ತುವುದಿಲ್ಲ, ಮತ್ತೆ ಅದೇ ‘ಇಲ್ಲಮ್ಮ’. 23ರಿಂದ 28ರೊಳಗೆ, ಬೆಳಿಗ್ಗೆ ಹನ್ನೊಂದಕ್ಕೆ ಹೋಗಿ. ಆ ತಿಂಗಳ ಗಡಿಬಿಡಿಯ ನೋವು ಆಗ ಇನ್ನೂ ಹಸಿಯಾಗಿರುತ್ತದೆ.